ಒಂದೇ ಬೋರ್ಡಿನಲ್ಲಿ ಬೆಳಕು ಮತ್ತು ತೇವಾಂಶ: ಎರಡು ಆಯಾಮದ ನ್ಯಾನೋ ವಸ್ತುಗಳಿಂದ ಸೆನ್ಸರ್ ಮಾಡುವ ವಿಧಾನ

ಮಾಲಿಬ್ಡಿನಂ ಡೈಸಲ್ಫೈಡಿನ ಒಂದು ಪದರದ ದಪ್ಪ ಸುಮಾರು 0.65 ನ್ಯಾನೋಮೀಟರ್. ಇಷ್ಟು ತೆಳುವಾದ ಹಾಳೆಗೆ ಒಳಭಾಗ ಅಂತ ಏನೂ ಇರುವುದಿಲ್ಲ, ಇರುವುದೆಲ್ಲ ಮೇಲ್ಮೈ. ಗಾಳಿಯಲ್ಲಿರುವ ನೀರಿನ ಅಣು ಬಂದು ಕೂತರೂ, ಬೆಳಕಿನ ಕಣ ಬಂದು ಬಡಿದರೂ ಅದರ ವಿದ್ಯುತ್ ವಾಹಕತೆ ಬದಲಾಗುತ್ತದೆ. ಸೆನ್ಸರ್ ಮಾಡುವವರಿಗೆ ಇದೇ ವರ, ಇದೇ ತೊಡಕು. ಬೆಳಕು ಅಳೆಯಲು ಮಾಡಿದ ಸೆನ್ಸರ್ ಮಳೆಗಾಲದಲ್ಲಿ ಬೇರೆ ಲೆಕ್ಕ ಕೊಡುತ್ತದೆ, ತೇವಾಂಶ ಅಳೆಯಲು ಮಾಡಿದ್ದು ಬಿಸಿಲು ಬಿದ್ದ ಕೂಡಲೇ ಓಲಾಡುತ್ತದೆ. ಹಾಗಾಗಿ ಲೇಪ ಮಾಡುವುದು ಅರ್ಧ ಕೆಲಸ ಮಾತ್ರ. ಬಂದ ಸಂಕೇತ ಯಾವುದರಿಂದ ಬಂತು ಎಂದು ತೋರಿಸಿಕೊಡುವುದು ಉಳಿದರ್ಧ. ಕೆಳಗಿನ ವಿಧಾನವನ್ನು ಈ ಎರಡನೆಯ ಅರ್ಧವನ್ನು ಗಮನದಲ್ಲಿಟ್ಟುಕೊಂಡೇ ಜೋಡಿಸಿದೆ. ಎಂಜಿನಿಯರಿಂಗ್ ಅಥವಾ ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ಸಿಗುವ ಸಲಕರಣೆ ಇದಕ್ಕೆ ಸಾಕು.

ಬೆಳಕಿಗೆ ಮಾಲಿಬ್ಡಿನಂ ಡೈಸಲ್ಫೈಡ್, ತೇವಾಂಶಕ್ಕೆ ಗ್ರಾಫೀನ್ ಆಕ್ಸೈಡ್ ಬಳಸುತ್ತೇವೆ. ಮಾಲಿಬ್ಡಿನಂ ಡೈಸಲ್ಫೈಡ್ ಅರೆವಾಹಕ. ಪದರಗಳೆಲ್ಲ ಒಟ್ಟಾಗಿ ಗಟ್ಟಿಯಾಗಿದ್ದಾಗ ಅದರ ಶಕ್ತಿ ಅಂತರ (ಎಲೆಕ್ಟ್ರಾನನ್ನು ಬಿಡಿಸಿ ಹರಿಯಬಿಡಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 1.2ರಿಂದ 1.3 ಎಲೆಕ್ಟ್ರಾನ್ ವೋಲ್ಟ್, ಒಂದೇ ಪದರವಾದಾಗ ಸುಮಾರು 1.8. ಕಣ್ಣಿಗೆ ಕಾಣುವ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಗ್ರಾಫೀನ್ ಆಕ್ಸೈಡ್ ಅಂದರೆ ಆಮ್ಲಜನಕ ಅಂಟಿದ ಇಂಗಾಲದ ತೆಳು ಹಾಳೆ. ಅದರ ತುಂಬ ಆಮ್ಲಜನಕದ ಗುಂಪುಗಳಿವೆ, ಅವು ನೀರನ್ನು ಎಳೆದು ಹಿಡಿಯುತ್ತವೆ. ಗಾಳಿ ಒಣಗಿದ್ದಾಗ ಹಾಳೆಗಂಟಿದ ಮೊದಲ ಪದರದ ನೀರಿನ ಅಣುಗಳು ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಪ್ರೋಟಾನ್ ಚಲಿಸಲಾರದು. ತೇವ ಏರಿದಂತೆ ಅದರ ಮೇಲೆ ಸಡಿಲವಾದ ಪದರಗಳು ಕಟ್ಟುತ್ತವೆ, ಪ್ರೋಟಾನ್ ಒಂದು ಅಣುವಿನಿಂದ ಇನ್ನೊಂದಕ್ಕೆ ನೆಗೆಯುತ್ತ ಸಾಗುತ್ತದೆ, ಪ್ರತಿರೋಧ ಹಲವು ಪಟ್ಟು ಬೀಳುತ್ತದೆ.

ನಿರೀಕ್ಷೆಯನ್ನು ಮೊದಲೇ ಸರಿಮಾಡಿಕೊಳ್ಳುವುದು ಒಳ್ಳೆಯದು. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ 2013ರಲ್ಲಿ ಒಂದೇ ಪದರದ ಮಾಲಿಬ್ಡಿನಂ ಡೈಸಲ್ಫೈಡ್ ಟ್ರಾನ್ಸಿಸ್ಟರಿನಿಂದ ಒಂದು ವ್ಯಾಟ್ ಬೆಳಕಿಗೆ 880 ಆಂಪಿಯರ್‌ನಷ್ಟು ಸ್ಪಂದನೆ ವರದಿಯಾಯಿತು. ಅದು ಒಂದೇ ಚೊಕ್ಕ ಹಾಳೆಯ ಫಲಿತಾಂಶ, ಪ್ರತಿಕ್ರಿಯೆಗೆ ಸೆಕೆಂಡುಗಟ್ಟಲೆ ಸಮಯವೂ ಬೇಕಾಗಿತ್ತು. ನಾವು ದ್ರವದಲ್ಲಿ ಬಿಡಿಸಿ ಹಚ್ಚುವ ಲೇಪದಲ್ಲಿ ಲಕ್ಷಾಂತರ ಚೂರುಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಪ್ರತಿ ಸಂಧಿಯಲ್ಲೂ ಎಲೆಕ್ಟ್ರಾನ್ ಮುಗ್ಗರಿಸುತ್ತದೆ. ನಿಮ್ಮ ಕೈಗೆ ಸಿಗುವುದು ನ್ಯಾನೋ ಆಂಪಿಯರ್ ಲೆಕ್ಕದ ಕರೆಂಟು. ಅಂಗಡಿಯ ಸಿಲಿಕಾನ್ ಫೋಟೋ ಡಯೋಡ್ ಇದಕ್ಕಿಂತ ಸಾವಿರಾರು ಪಟ್ಟು ಮುಂದಿದೆ. ಹಾಗಿದ್ದೂ ಇದನ್ನು ಮಾಡಬೇಕಾದ್ದು ವಸ್ತುವಿನ ಗುಣ ತಿಳಿಯಲು, ಮತ್ತು ದ್ರವದಿಂದ ಹಚ್ಚುವ ಸೆನ್ಸರುಗಳ ಕಸುಬು ಕಲಿಯಲು.

ಬೋರ್ಡ್

ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ತೂರಿ, ಎಲ್ಲೂ ಮುಟ್ಟದೆ ನಿಂತಂತಿರುವ ಎಲೆಕ್ಟ್ರೋಡ್ ವಿನ್ಯಾಸ ಬೇಕು. ಹಲ್ಲಿನ ಅಗಲ 0.15 ಮಿ.ಮೀ., ನಡುವಿನ ಅಂತರ 0.15 ಮಿ.ಮೀ., ಹಲ್ಲಿನ ಉದ್ದ 8 ಮಿ.ಮೀ., ಒಟ್ಟು 26 ಹಲ್ಲು. ಸುಮಾರು 8 ಮಿ.ಮೀ. ಚೌಕದಲ್ಲಿ ಇದು ಕೂರುತ್ತದೆ. ಈ ಅಳತೆಯನ್ನು ಸಾಮಾನ್ಯ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ತಯಾರಕರೇ ಮಾಡಿಕೊಡುತ್ತಾರೆ. ಒಂದೇ ಬೋರ್ಡಿನಲ್ಲಿ ಇಂಥ ನಾಲ್ಕು ವಿನ್ಯಾಸ ಹಾಕಿಸಿ. ಒಂದಕ್ಕೆ ಮಾಲಿಬ್ಡಿನಂ ಡೈಸಲ್ಫೈಡ್, ಒಂದಕ್ಕೆ ಗ್ರಾಫೀನ್ ಆಕ್ಸೈಡ್, ಉಳಿದೆರಡು ಖಾಲಿ. ಪ್ರತಿ ಲೇಪಕ್ಕೂ ಅದರಂತೆಯೇ ಮುಚ್ಚಿದ ಒಂದು ಖಾಲಿ ಜೋಡಿ ಇರಬೇಕು.

ಖಾಲಿ ಜೋಡಿ ಯಾಕೆ ಬೇಕು ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. 25 ಅಂತರಗಳು, ಒಂದೊಂದೂ 8 ಮಿ.ಮೀ. ಉದ್ದ: ಒಟ್ಟು 200 ಮಿ.ಮೀ. ಅದನ್ನು 0.15ರಿಂದ ಭಾಗಿಸಿದರೆ 1333, ಅಂದರೆ ಅಷ್ಟು ಚೌಕಗಳು ಸಮಾಂತರವಾಗಿ ಸೇರಿದಂತೆ. ತೇವ ಹಿಡಿದ ಬೋರ್ಡಿನ ಮೇಲ್ಮೈ ಪ್ರತಿರೋಧ ಚೌಕಕ್ಕೆ ಒಂದು ಲಕ್ಷ ಕೋಟಿ ಓಮ್ ಇದೆ ಎಂದುಕೊಂಡರೂ ಎರಡು ಬಾಚಣಿಗೆಗಳ ನಡುವೆ ಉಳಿಯುವುದು ಸುಮಾರು 75 ಕೋಟಿ ಓಮ್. 2.5 ವೋಲ್ಟ್ ಕೊಟ್ಟರೆ 3 ನ್ಯಾನೋ ಆಂಪಿಯರ್‌ಗಿಂತ ಹೆಚ್ಚು ಕರೆಂಟು ಬರೀ ಬೋರ್ಡಿನ ಮೇಲೆಯೇ ಹರಿಯುತ್ತದೆ. ನಿಮ್ಮ ಬೆಳಕಿನ ಸಂಕೇತವೂ ಅಷ್ಟೇ ಗಾತ್ರದ್ದು! ಖಾಲಿ ಜೋಡಿಯ ಅಳತೆ ಇಲ್ಲದ ಗ್ರಾಫನ್ನು ನಂಬಲು ಆಧಾರವೇ ಇಲ್ಲ.

ಬೋರ್ಡ್ ಆರ್ಡರ್ ಮಾಡುವಾಗ ಮೂರು ವಿಷಯ ಬರೆದು ಹೇಳಿ. ನಿಕಲ್ ಮೇಲೆ ಚಿನ್ನದ ಲೇಪ ಇರಲಿ. ಬರಿ ತಾಮ್ರ ತೇವದಲ್ಲಿ ಕರಗಿ ಎದುರಿನ ಹಲ್ಲಿಗೆ ಮರದ ಕೊಂಬೆಗಳಂಥ ಎಳೆ ಬೆಳೆಸಿ ಶಾರ್ಟ್ ಆಗುತ್ತದೆ, ಬೆಸುಗೆ ಬಳಿದ ಬೋರ್ಡಿನ ಮೇಲ್ಮೈ ಏರುಪೇರಾಗಿರುತ್ತದೆ. ಎರಡನೆಯದಾಗಿ, ತಾಮ್ರದ ದಪ್ಪ 18 ಮೈಕ್ರೋಮೀಟರ್ ಇರಲಿ. ಸಾಮಾನ್ಯವಾಗಿ ಬರುವ 35 ಮೈಕ್ರೋಮೀಟರ್ ತಾಮ್ರ ನಮ್ಮ ಒಂದು ಮೈಕ್ರೋಮೀಟರ್ ಲೇಪಕ್ಕೆ ಎತ್ತರದ ಗೋಡೆ, ಬುಡದ ಮೂಲೆಯಲ್ಲಿ ಲೇಪ ಬಿರುಕು ಬಿಡುತ್ತದೆ. ಹಲ್ಲುಗಳಿರುವ ಜಾಗದಲ್ಲಿ ಹಸಿರು ಮಾಸ್ಕ್ (ಬೋರ್ಡಿನ ಮೇಲೆ ಬಳಿಯುವ ರಕ್ಷಣೆಯ ಪದರ) ಇರಬಾರದು, ಇದು ಮೂರನೆಯದು. ಗಾಜಿನ ಮೇಲೆ ಚಿನ್ನ ಆವಿ ಮಾಡಿ ಹಚ್ಚುವ ಸೌಲಭ್ಯ ಇದ್ದರೆ ಅದೇ ಉತ್ತಮ, ಏಕೆಂದರೆ ಬೋರ್ಡಿನ ಎಪಾಕ್ಸಿಯೇ ಸ್ವಲ್ಪ ನೀರು ಹೀರುತ್ತದೆ, ಗಾಜು ಹೀರುವುದಿಲ್ಲ.

ಬಂದ ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ 5 ನಿಮಿಷ, ಡಿಸ್ಟಿಲ್ಡ್ ನೀರಿನಲ್ಲಿ 5 ನಿಮಿಷ ಅಲುಗಾಡಿಸಿ ತೊಳೆದು 100 ಡಿಗ್ರಿಯಲ್ಲಿ 15 ನಿಮಿಷ ಒಣಗಿಸಿ. ಆಮೇಲೆ ಅಂಚು ಬಿಟ್ಟು ಬೇರೆಲ್ಲೂ ಮುಟ್ಟಬಾರದು. ಬೆರಳಿನ ಬೆವರಿನ ಉಪ್ಪು ಒಳ್ಳೆಯ ತೇವಾಂಶ ಸೆನ್ಸರಿನಂತೆಯೇ ವರ್ತಿಸುತ್ತದೆ.

ಮಾಲಿಬ್ಡಿನಂ ಡೈಸಲ್ಫೈಡನ್ನು ಬಿಡಿಸುವುದು

ಈ ವಸ್ತುವಿನ ಪದರಗಳನ್ನು ರಾಸಾಯನಿಕವಾಗಿ ಬಿಡಿಸಿ ಗ್ರಾಫೀನಿನಂಥ ಹಾಳೆ ಪಡೆಯುವ ಕೆಲಸವನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2010ರಲ್ಲೇ ಪ್ರಕಟಿಸಿತ್ತು. ಮರುವರ್ಷ, ಅಂದರೆ 2011ರಲ್ಲಿ, ಬರೀ ದ್ರಾವಕದಲ್ಲಿ ಅಲ್ಟ್ರಾಸೌಂಡ್ ಕೊಟ್ಟು ಬಿಡಿಸುವ ಸುಲಭ ದಾರಿ ಬಂತು. ನಾವು ಹಿಡಿಯುವುದು ಇದನ್ನೇ.

ಹಲವು ಪ್ರಬಂಧಗಳಲ್ಲಿ ಎನ್-ಮೀಥೈಲ್ ಪಿರೊಲಿಡೋನ್ ದ್ರಾವಕ ಕಾಣುತ್ತದೆ. ಅದನ್ನು ಬಿಡಿ. ಗರ್ಭಕ್ಕೆ ಹಾನಿಕಾರಕ, ಕುದಿಯುವ ಬಿಂದು 202 ಡಿಗ್ರಿ, ಲೇಪದಿಂದ ಪೂರ್ತಿ ಹೋಗುವುದಿಲ್ಲ. ಉಳಿದ ದ್ರಾವಕ ಚೂರುಗಳ ನಡುವೆ ನಿಂತು ಕರೆಂಟಿಗೆ ಅಡ್ಡಿಯಾಗುತ್ತದೆ. ನೂರಕ್ಕೆ 45 ಭಾಗ ಎಥನಾಲ್, 55 ಭಾಗ ನೀರು ಬೆರೆಸಿದ ಮಿಶ್ರಣ ಮಾಲಿಬ್ಡಿನಂ ಡೈಸಲ್ಫೈಡಿಗೆ ಸರಿಹೊಂದುತ್ತದೆ. ಶುದ್ಧ ಎಥನಾಲಿಗೆ ಅಬಕಾರಿ ಪರವಾನಗಿ ಬೇಕಾಗುವುದರಿಂದ ಕಾಲೇಜುಗಳಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿಕೊಳ್ಳುವುದೇ ಅನುಕೂಲ. ಇಳುವರಿಯಲ್ಲಿ ಹೆಚ್ಚುಕಮ್ಮಿ ಆಗಬಹುದು, ಆದರೆ ಕೆಲಸ ನಡೆಯುತ್ತದೆ.

300 ಮಿ.ಗ್ರಾಂ ಪುಡಿ (ಕಣದ ಗಾತ್ರ 2ರಿಂದ 6 ಮೈಕ್ರೋಮೀಟರ್) ತೂಗಿ 100 ಮಿ.ಲೀ. ಮಿಶ್ರಣಕ್ಕೆ ಹಾಕಿ. ಯಂತ್ರಕ್ಕೆ ಹಾಕುವ ಲೂಬ್ರಿಕೆಂಟ್ ದರ್ಜೆಯ ಪುಡಿ ಅಗ್ಗ, ಆದರೆ ಅದರಲ್ಲಿ ಎಣ್ಣೆಯಂಶ, ಲೋಹದ ಅಂಶ ಇರಬಹುದು. ತೂಗುವಾಗ ಫ್ಯೂಮ್ ಹುಡ್ ಮತ್ತು ಎನ್95 ಮಾಸ್ಕ್ ಇರಲಿ, ಚೆಲ್ಲಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗುಡಿಸಬೇಡಿ. ಮುಚ್ಚಳ ಬಿಗಿದ ಗಾಜಿನ ಬಾಟಲಿಯಲ್ಲಿ ಸಾಧಾರಣ ಅಲ್ಟ್ರಾಸಾನಿಕ್ ಬಾತ್‌ನಲ್ಲಿಟ್ಟು ಒಟ್ಟು 8 ಗಂಟೆ ನಡೆಸಿ. ಬಾತ್‌ನ ನೀರು 30 ಡಿಗ್ರಿ ದಾಟದಂತೆ ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಅಥವಾ ಐಸ್ ತುಂಬಿದ ಬಾಟಲಿ ಇಳಿಬಿಡಿ. ಇದನ್ನು ಸಣ್ಣ ಮಾತು ಎಂದುಕೊಳ್ಳಬೇಡಿ. ಬಿಸಿ ನೀರಿನಲ್ಲಿ, ಗಾಳಿ ಇರುವಾಗ, ಚೂರುಗಳ ಅಂಚು ಆಕ್ಸೈಡ್ ಆಗಿ ನೀರಿನಲ್ಲಿ ಕರಗುವ ಮಾಲಿಬ್ಡಿನಂ ಸಂಯುಕ್ತಗಳು ಹುಟ್ಟುತ್ತವೆ. ಇವು ಅಯಾನುಗಳಾದ್ದರಿಂದ ಒಣಗಿದ ಲೇಪವು ತೇವಕ್ಕೆ ವಿಪರೀತ ಸ್ಪಂದಿಸುತ್ತದೆ. ಚೂರುಗಳು ಕೆಳಗಿಳಿದ ಮೇಲೂ ಮೇಲಿನ ದ್ರವ ನೀಲಿ ಬಣ್ಣಕ್ಕೆ ತಿರುಗಿದ್ದರೆ ಆ ಬಾಟಲಿ ಕೆಟ್ಟಿತು ಎಂದೇ ತಿಳಿಯಿರಿ.

ಪ್ರೋಬ್ ಸಾನಿಕೇಟರ್ ಇದ್ದರೆ ಐಸ್ ತೊಟ್ಟಿಯಲ್ಲಿಟ್ಟು 6 ಸೆಕೆಂಡ್ ಆನ್, 2 ಸೆಕೆಂಡ್ ಆಫ್ ಕ್ರಮದಲ್ಲಿ ಒಂದು ಗಂಟೆ ಸಾಕು. ಪ್ರೋಬಿನ ತುದಿಯಿಂದ ಟೈಟಾನಿಯಂ ಚೂರು ಉದುರುತ್ತದೆ, ಅದು ಮುಂದಿನ ಸೆಂಟ್ರಿಫ್ಯೂಜ್ ಹಂತದಲ್ಲಿ ಬಹುಪಾಲು ಕೆಳಗಿಳಿಯುತ್ತದೆ. ಆಲ್ಕೋಹಾಲಿನ ಆವಿ ತುಂಬಿದ ಜಾಗದಲ್ಲಿ ಹಾಟ್‌ಪ್ಲೇಟ್ ಆನ್ ಇರಬಾರದು.

ಸೆಂಟ್ರಿಫ್ಯೂಜ್ ಎರಡು ಸಲ. ಮೊದಲ ಸಲ ಸುಮಾರು 1000 ಗುರುತ್ವದಲ್ಲಿ (ಭೂಮಿಯ ಗುರುತ್ವದ 1000 ಪಟ್ಟು ಬಲದಲ್ಲಿ) 20 ನಿಮಿಷ: ಬಿಡದೆ ಉಳಿದ ದಪ್ಪ ಕಣ ಕೆಳಗೆ, ತೆಳು ಚೂರು ಮೇಲೆ. ಮೇಲಿನ ಮುಕ್ಕಾಲು ಪಾಲನ್ನು ಪಿಪೆಟ್ಟಿನಿಂದ ತೆಗೆಯಿರಿ, ಬಗ್ಗಿಸಿ ಸುರಿಯಬೇಡಿ. ಯಂತ್ರದಲ್ಲಿ ಬರೀ ಆರ್‌ಪಿಎಂ ಇದ್ದರೆ ಲೆಕ್ಕ ಹೀಗೆ: 0.00001118 × ತ್ರಿಜ್ಯ ಸೆಂ.ಮೀ.ನಲ್ಲಿ × ಆರ್‌ಪಿಎಂನ ವರ್ಗ. 10 ಸೆಂ.ಮೀ. ತ್ರಿಜ್ಯದ ರೋಟರಿಗೆ 3000 ಆರ್‌ಪಿಎಂ ಅಂದರೆ ಸುಮಾರು 1000, 6000 ಅಂದರೆ ಸುಮಾರು 4000 ಗುರುತ್ವ.

ಈಗ ಕೈಯಲ್ಲಿರುವುದು ತಿಳಿ ಹಸಿರು ಛಾಯೆಯ ದ್ರವ. ಯುವಿ-ವಿಸಿಬಲ್ ಸ್ಪೆಕ್ಟ್ರೋಮೀಟರಿನಲ್ಲಿ 670 ಮತ್ತು 610 ನ್ಯಾನೋಮೀಟರ್ ಆಸುಪಾಸಿನಲ್ಲಿ ಎರಡು ಗುಬ್ಬು ಕಂಡರೆ ವಸ್ತು ಸರಿಯಿದೆ. ಸಾಂದ್ರತೆಗೆ 345 ನ್ಯಾನೋಮೀಟರಿನ ಓದು ತೆಗೆದುಕೊಂಡು 69ರಿಂದ ಭಾಗಿಸಿ. 1 ಸೆಂ.ಮೀ. ಕ್ಯೂವೆಟ್ಟಿನಲ್ಲಿ 1.38 ಬಂದರೆ ಮಿ.ಲೀ.ಗೆ 0.02 ಮಿ.ಗ್ರಾಂ. ಹಾಕಿದ್ದು ಮಿ.ಲೀ.ಗೆ 3 ಮಿ.ಗ್ರಾಂ, ಉಳಿದದ್ದು ಇಷ್ಟೇ. ಗಾಬರಿ ಬೇಡ, ಈ ವಿಧಾನದ ಇಳುವರಿಯೇ ಹೀಗೆ. ಕೆಳಗುಳಿದ ಪುಡಿಯನ್ನು ಮತ್ತೆ ಬಳಸಬಹುದು. ನಿಮ್ಮಲ್ಲಿ ಸ್ಪೆಕ್ಟ್ರೋಮೀಟರ್ ಅಥವಾ ಸೂಕ್ಷ್ಮದರ್ಶಕ ಸೌಲಭ್ಯ ಇಲ್ಲದಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವನ್ನು ಹೊರಗಿನ ಕಾಲೇಜಿನವರೂ ಬಳಸಲು ಕೇಂದ್ರ ಸರ್ಕಾರದ ಐಎನ್‌ಯುಪಿ (ನ್ಯಾನೋ ಎಲೆಕ್ಟ್ರಾನಿಕ್ಸ್ ಬಳಕೆದಾರರ) ಯೋಜನೆ ದಾರಿ ಮಾಡಿಕೊಟ್ಟಿದೆ.

ಇಷ್ಟು ತೆಳು ದ್ರವವನ್ನು ನೇರವಾಗಿ ಹನಿಸಿದರೆ ಇನ್ನೂರು ಹನಿ ಬೇಕಾದೀತು. ಆದ್ದರಿಂದ ಎರಡನೆಯ ಸಲ, ಸುಮಾರು 4000 ಗುರುತ್ವದಲ್ಲಿ ಒಂದು ಗಂಟೆ ತಿರುಗಿಸಿ, ಮೇಲಿನ ತಿಳಿ ಚೆಲ್ಲಿ, ತಳದಲ್ಲಿ ಕೂತ ಚೂರುಗಳನ್ನು 2 ಮಿ.ಲೀ. ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ 5 ನಿಮಿಷ ಬಾತ್‌ನಲ್ಲಿಟ್ಟು ಕದಡಿ. ಮೇಲಿನ ತಿಳಿಯ ಜೊತೆ ಕರಗಿದ ಅಯಾನುಗಳೂ ಹೊರಟುಹೋಗುವುದು ಇದರ ಇನ್ನೊಂದು ಲಾಭ. ಒಟ್ಟು ಒಂದು ಮಿ.ಗ್ರಾಂ ಸಿಕ್ಕರೆ ಸಾಂದ್ರತೆ ಮಿ.ಲೀ.ಗೆ 0.5 ಮಿ.ಗ್ರಾಂ. ಇದನ್ನು ಅದೇ ದಿನ ಬಳಸಿ. ಬಿಟ್ಟರೆ ಚೂರುಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹಚ್ಚುವುದು, ಸುಡುವುದು, ಮುಚ್ಚುವುದು

ಕ್ರಮ ತಪ್ಪಬಾರದು. ಮೊದಲು ಮಾಲಿಬ್ಡಿನಂ ಡೈಸಲ್ಫೈಡ್ ಹಚ್ಚಿ ಸುಡಬೇಕು, ನಂತರ ಗಾಜು ಮುಚ್ಚಿ ಅಂಟು ಗಟ್ಟಿಯಾಗಲು ಬಿಡಬೇಕು, ಕೊನೆಗೆ ಗ್ರಾಫೀನ್ ಆಕ್ಸೈಡ್. ಗ್ರಾಫೀನ್ ಆಕ್ಸೈಡ್ ಬಿಸಿ ತಡೆಯುವುದಿಲ್ಲ, ಆಮ್ಲಜನಕ ಕಳೆದುಕೊಂಡು ಕಪ್ಪಾಗಿ ವಾಹಕವಾಗುತ್ತದೆ. ಎಪಾಕ್ಸಿಯ ಗಟ್ಟಿಕಾರಕದಲ್ಲಿರುವ ಅಮೀನ್ ಆವಿಯೂ ಅದರ ಜೊತೆ ಪ್ರತಿಕ್ರಿಯಿಸುತ್ತದೆ.

ಹಲ್ಲುಗಳ ಸುತ್ತ ಕ್ಯಾಪ್ಟಾನ್ ಟೇಪಿನಿಂದ (ಬಿಸಿ ತಡೆಯುವ ಟೇಪು) ಚೌಕಟ್ಟು ಕಟ್ಟಿ, ಬೋರ್ಡನ್ನು 60 ಡಿಗ್ರಿ ಹಾಟ್‌ಪ್ಲೇಟಿನ ಮೇಲಿಟ್ಟು 40 ಮೈಕ್ರೋಲೀಟರ್ ಹನಿಸಿ. ಒಣಗಿದ ಮೇಲೆ ಇನ್ನೊಂದು. ಹೀಗೆ 8 ಸಲ. ಒಟ್ಟು 0.16 ಮಿ.ಗ್ರಾಂ ಬೀಳುತ್ತದೆ, 0.64 ಚದರ ಸೆಂ.ಮೀ. ಜಾಗದಲ್ಲಿ ಅರ್ಧಕ್ಕರ್ಧ ಪೊಳ್ಳಿರುವ ಲೇಪದ ದಪ್ಪ ಸುಮಾರು ಒಂದು ಮೈಕ್ರೋಮೀಟರ್ ಆಗುತ್ತದೆ. ಒಂದೇ ಸಲ 320 ಮೈಕ್ರೋಲೀಟರ್ ಸುರಿದರೆ ಒಣಗುವಾಗ ವಸ್ತುವೆಲ್ಲ ಅಂಚಿಗೆ ಹರಿದು ಉಂಗುರ ಕಟ್ಟುತ್ತದೆ, ನಡುವೆ ಬರಿದು. ತಣ್ಣನೆಯ ಬೋರ್ಡಿನ ಮೇಲೂ ಹೀಗೇ ಆಗುತ್ತದೆ. ಹನಿಗಳ ಸಂಖ್ಯೆ ಹೆಚ್ಚಿಸಿದಷ್ಟೂ ಒಳ್ಳೆಯದು ಎಂದೇನಿಲ್ಲ: ಮೂರ್ನಾಲ್ಕು ಮೈಕ್ರೋಮೀಟರ್ ದಾಟಿದ ಲೇಪ ಸಿಪ್ಪೆಯಂತೆ ಏಳುತ್ತದೆ, ಮೇಲಿನ ಪದರ ಬೆಳಕನ್ನೆಲ್ಲ ನುಂಗಿ ಕೆಳಗೆ ಕತ್ತಲೆ ಉಳಿಸುತ್ತದೆ.

ಟೇಪನ್ನು ಬೋರ್ಡ್ ಬೆಚ್ಚಗಿರುವಾಗಲೇ ತೆಗೆದು, 100 ಡಿಗ್ರಿಯಲ್ಲಿ ಎರಡು ಗಂಟೆ ಸುಡಿ. ವ್ಯಾಕ್ಯೂಮ್ ಓವನ್ ಇದ್ದರೆ ಅದರಲ್ಲೇ ಮಾಡಿ. ಹೊರತೆಗೆದ ಕೂಡಲೇ, ಬೋರ್ಡ್ ಬಿಸಿಯಿರುವಾಗಲೇ, 0.15 ಮಿ.ಮೀ. ದಪ್ಪದ ಮೈಕ್ರೋಸ್ಕೋಪ್ ಕವರ್ ಗಾಜು ಇಟ್ಟು ಸುತ್ತಲಿನ ಅಂಚಿಗೆ ಮಾತ್ರ ಎಪಾಕ್ಸಿ ಹಚ್ಚಿ. ಅಂಟು ಲೇಪಕ್ಕೆ ತಾಗಬಾರದು. ಪಕ್ಕದ ಖಾಲಿ ಜೋಡಿಗೂ ಇದೇ ರೀತಿ ಗಾಜು ಮುಚ್ಚಿ. ಹಲವರು ಪಾರದರ್ಶಕ ಎಂಬ ಕಾರಣಕ್ಕೆ ಸಿಲಿಕೋನ್ ರಬ್ಬರ್ ಸುರಿಯುತ್ತಾರೆ. ಅದು ದ್ರವ ನೀರನ್ನು ತಡೆದರೂ ಆವಿಯನ್ನು ಸರಾಗವಾಗಿ ಬಿಡುತ್ತದೆ, ಮುಚ್ಚಿಯೂ ಮುಚ್ಚದ ಹಾಗೆ.

ಗ್ರಾಫೀನ್ ಆಕ್ಸೈಡನ್ನು ಸಿದ್ಧ ದ್ರಾವಣವಾಗಿಯೇ ಕೊಳ್ಳಿ, ಮಿ.ಲೀ.ಗೆ 4 ಮಿ.ಗ್ರಾಂನದು ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಗ್ರಾಫೈಟಿನಿಂದ ಮಾಡುವ 1958ರ ಹಮ್ಮರ್ಸ್ ವಿಧಾನ ಪುಸ್ತಕದಲ್ಲಿ ಸುಲಭವಾಗಿ ಕಾಣುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಸಾಂದ್ರ ಗಂಧಕಾಮ್ಲ ಸೇರಿದಾಗ ಹುಟ್ಟುವ ಮ್ಯಾಂಗನೀಸ್ ಆಕ್ಸೈಡ್ ಸುಮಾರು 55 ಡಿಗ್ರಿ ದಾಟಿದರೆ ಸ್ಫೋಟಿಸಬಹುದು. ಪಳಗಿದ ಮೇಲ್ವಿಚಾರಕರಿಲ್ಲದ ಕಡೆ ಅದಕ್ಕೆ ಕೈ ಹಾಕಲೇಬೇಡಿ. ಕೊಂಡ ದ್ರಾವಣವನ್ನು 0.5 ಮಿ.ಗ್ರಾಂಗೆ ತೆಳುಮಾಡಿ, 10 ನಿಮಿಷ ಬಾತ್‌ನಲ್ಲಿಟ್ಟು, 20 ಮೈಕ್ರೋಲೀಟರ್ ಹನಿಸಿ ಪಿಪೆಟ್ಟಿನ ತುದಿಯಿಂದ ಹರಡಿ, 40 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ಸಿಗುವ ಲೇಪ ಸುಮಾರು 90 ನ್ಯಾನೋಮೀಟರ್. ಲೇಪ ತೆಳುವಾದಷ್ಟೂ ನೀರು ಬೇಗ ಒಳಹೊಕ್ಕು ಬೇಗ ಹೊರಬರುತ್ತದೆ. ದಪ್ಪವಾದರೆ ಹಾಳೆಗಳ ನಡುವೆ ಸಿಕ್ಕಿದ ನೀರು ಹೊರಬರಲು ಸತಾಯಿಸುತ್ತದೆ.

ಇದರ ಮೇಲೂ, ಇದರ ಖಾಲಿ ಜೋಡಿಯ ಮೇಲೂ ಕಪ್ಪು ಬಣ್ಣದ, ಅಡ್ಡಡ್ಡ ತೂತಿರುವ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ. ಗಾಳಿ ತಿರುವಿನಲ್ಲಿ ಒಳಬರಬೇಕು, ಬೆಳಕು ನೇರ ಬೀಳಬಾರದು. ಅಲ್ಟ್ರಾವೈಲೆಟ್ ಮತ್ತು ನೀಲಿ ಬೆಳಕು ಗ್ರಾಫೀನ್ ಆಕ್ಸೈಡಿನ ಆಮ್ಲಜನಕವನ್ನು ನಿಧಾನವಾಗಿ ಕಿತ್ತುಹಾಕುತ್ತದೆ. ಕಿಟಕಿಯ ಬಿಸಿಲಿಗೆ ತೆರೆದಿಟ್ಟ ಸೆನ್ಸರಿನ ಕ್ಯಾಲಿಬ್ರೇಶನ್ ಉಳಿಯದು.

ಬೆಳಕಿನ ಕರೆಂಟು ಅಳೆಯುವ ಸರ್ಕ್ಯೂಟ್

ಎಂಸಿಪಿ6002 ಆಪ್-ಆಂಪ್ (ಸಣ್ಣ ಸಂಕೇತ ಹಿಗ್ಗಿಸುವ ಚಿಪ್) ಸುಲಭವಾಗಿ ಸಿಗುತ್ತದೆ, ಅದರ ಇನ್‌ಪುಟ್ ಕರೆಂಟು ಒಂದು ಪಿಕೋ ಆಂಪಿಯರಿನ ಆಸುಪಾಸು. 5 ವೋಲ್ಟ್ ಸಪ್ಲೈ ಕೊಟ್ಟು, ಎರಡು 10 ಕಿಲೋ ಓಮ್ ರೆಸಿಸ್ಟರಿನಿಂದ 2.5 ವೋಲ್ಟ್ ಮಾಡಿ ಪ್ಲಸ್ ಇನ್‌ಪುಟ್ಟಿಗೆ ಕೊಡಿ. ಸೆನ್ಸರಿನ ಒಂದು ತುದಿ ಗ್ರೌಂಡಿಗೆ, ಇನ್ನೊಂದು ಮೈನಸ್ ಇನ್‌ಪುಟ್ಟಿಗೆ. ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್ಟಿಗೆ 100 ಮೆಗಾ ಓಮ್, ಅದಕ್ಕೆ ಸಮಾಂತರವಾಗಿ 100 ಪಿಕೋ ಫ್ಯಾರಡ್. ಆಗ ಸೆನ್ಸರಿಗೆ ಸದಾ 2.5 ವೋಲ್ಟ್ ಇರುತ್ತದೆ, 1 ನ್ಯಾನೋ ಆಂಪಿಯರಿಗೆ ಔಟ್‌ಪುಟ್ 0.1 ವೋಲ್ಟ್ ಏರುತ್ತದೆ, 25 ನ್ಯಾನೋ ಆಂಪಿಯರ್ ತನಕ ಅಳೆಯಬಹುದು. 100 ಮೆಗಾ ಓಮ್ ಸಿಗದಿದ್ದರೆ 10 ಮೆಗಾ ಓಮಿನ ಹತ್ತನ್ನು ಸಾಲಾಗಿ ಬೆಸೆಯಿರಿ. ಓದಲು, ವೋಲ್ಟೇಜನ್ನು ಅಂಕಿಗೆ ತಿರುಗಿಸುವ ಎಡಿಎಸ್1115 ಮಾಡ್ಯೂಲ್ ಬಳಸಿ, ಔಟ್‌ಪುಟ್ ಮತ್ತು 2.5 ವೋಲ್ಟಿನ ನಡುವಿನ ವ್ಯತ್ಯಾಸ ತೆಗೆದುಕೊಳ್ಳಿ. ಖಾಲಿ ಜೋಡಿಗೆ ಚಿಪ್ಪಿನ ಎರಡನೆಯ ಆಪ್-ಆಂಪ್ ಇದ್ದೇ ಇದೆ.

ಮೈನಸ್ ಇನ್‌ಪುಟ್ಟಿನ ಗೆರೆಯ ಸುತ್ತ 2.5 ವೋಲ್ಟಿಗೆ ಸೇರಿಸಿದ ತಾಮ್ರದ ಉಂಗುರ ಇರಲಿ, ಬೋರ್ಡಿನ ಮೇಲೆ ಸೋರುವ ಕರೆಂಟನ್ನು ಅದು ಹಿಡಿಯುತ್ತದೆ. ಬೆಸುಗೆಯ ಫ್ಲಕ್ಸನ್ನು ಆಲ್ಕೋಹಾಲಿನಿಂದ ಉಜ್ಜಿ ತೆಗೆಯಿರಿ. ಇಡೀ ಸರ್ಕ್ಯೂಟನ್ನು ತಗಡಿನ ಬಿಸ್ಕೆಟ್ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಗ್ರೌಂಡ್ ಮಾಡಿದರೆ ಟ್ಯೂಬ್‌ಲೈಟಿನ, ಕರೆಂಟ್ ಲೈನಿನ 50 ಹರ್ಟ್ಜ್ ಗದ್ದಲ ಬಹುಪಾಲು ಅಡಗುತ್ತದೆ.

ತೇವಾಂಶಕ್ಕೆ ಡಿಸಿ ಬೇಡ

ಗ್ರಾಫೀನ್ ಆಕ್ಸೈಡಿನಲ್ಲಿ ಹರಿಯುವುದು ಪ್ರೋಟಾನ್. ಒಂದೇ ದಿಕ್ಕಿನ ವೋಲ್ಟೇಜ್ ಕೊಟ್ಟರೆ ಅವು ಒಂದು ಎಲೆಕ್ಟ್ರೋಡಿನ ಬಳಿ ಗುಂಪುಗೂಡುತ್ತವೆ, ಓದು ನಿಮಿಷ ನಿಮಿಷಕ್ಕೂ ಇಳಿಯುತ್ತದೆ. 1.23 ವೋಲ್ಟ್ ದಾಟಿದರೆ ನೀರೇ ಒಡೆಯಲು ಆರಂಭಿಸಬಹುದು, ಮೈನಸ್ ಬದಿಯ ಗ್ರಾಫೀನ್ ಆಕ್ಸೈಡ್ ಕಪ್ಪಾಗುತ್ತದೆ. ಆದ್ದರಿಂದ ದಿಕ್ಕು ಬದಲಿಸುತ್ತಲೇ ಇರಬೇಕು, ವೋಲ್ಟೇಜ್ ಒಂದರ ಆಸುಪಾಸಿನಲ್ಲಿರಬೇಕು.

ಎಲ್‌ಸಿಆರ್ ಮೀಟರ್ (ದಿಕ್ಕು ಬದಲಿಸುವ ವೋಲ್ಟೇಜಿನಲ್ಲಿ ಪ್ರತಿರೋಧ ಅಳೆಯುವ ಉಪಕರಣ) ಇದ್ದರೆ 1 ಕಿಲೋ ಹರ್ಟ್ಜ್‌ನಲ್ಲಿ ನೇರ ಅಳೆಯಿರಿ. ಇಲ್ಲದಿದ್ದರೆ ಆರ್ಡುಯಿನೋ ಉನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಎರಡು ಪಿನ್‌ಗಳನ್ನು ಒಂದಾದ ಮೇಲೊಂದು 1 ಮಿಲಿ ಸೆಕೆಂಡ್‌ನಂತೆ ಹೈ-ಲೋ ಮಾಡಿ. ಪ್ರತಿ ಪಿನ್ನಿಗೂ 3.9 ಕಿಲೋ ಓಮ್ ಮತ್ತು 1 ಕಿಲೋ ಓಮಿನ ವಿಭಾಜಕ ಹಾಕಿದರೆ 5 ವೋಲ್ಟ್ 1.02ಕ್ಕೆ ಇಳಿಯುತ್ತದೆ. ಒಂದು ಬದಿಯಿಂದ 1 ಮೆಗಾ ಓಮ್, ಇನ್ನೊಂದು ಬದಿಯಿಂದ ಸೆನ್ಸರ್, ಎರಡೂ ಕೂಡುವ ಜಾಗವನ್ನು ಇನ್ನೊಂದು ಎಂಸಿಪಿ6002ರ ಬಫರ್ ಮೂಲಕ ಅನಲಾಗ್ ಪಿನ್ನಿಗೆ ಕೊಡಿ. ಬಫರ್ ಬಿಟ್ಟರೆ ಆರ್ಡುಯಿನೋದ ಓದು ತಪ್ಪುತ್ತದೆ, ಅದಕ್ಕೆ 10 ಕಿಲೋ ಓಮಿಗಿಂತ ಹೆಚ್ಚಿನ ಮೂಲ ಪ್ರತಿರೋಧ ಹಿಡಿಸುವುದಿಲ್ಲ. ಅನಲಾಗ್ ರೆಫರೆನ್ಸ್ ಒಳಗಿನ 1.1 ವೋಲ್ಟ್ ಇರಲಿ. ರೆಸಿಸ್ಟರ್ ಬದಿ ಹೈ ಇರುವ ಅರ್ಧದ ಕೊನೆಯಲ್ಲಿ ಓದಿದ ವೋಲ್ಟೇಜ್ ವಿ ಆದರೆ ಸೆನ್ಸರಿನ ಪ್ರತಿರೋಧ = 1 ಮೆಗಾ ಓಮ್ × ವಿ ÷ (1.02 − ವಿ). 200 ಸುತ್ತಿನ ಸರಾಸರಿ ತೆಗೆಯಿರಿ. ಅಳತೆ ಇಲ್ಲದಾಗ ಎರಡೂ ಪಿನ್ ಲೋ ಇರಬೇಕು. ಒಂದನ್ನು ಹೈ ಬಿಟ್ಟು ಮರೆತರೆ ಅದೇ ಡಿಸಿ.

ಕ್ಯಾಲಿಬ್ರೇಶನ್

ತೇವಾಂಶಕ್ಕೆ ಉಪ್ಪುಗಳೇ ಮಾನದಂಡ. ನೀರಿನಲ್ಲಿ ಇನ್ನು ಕರಗಲಾರದಷ್ಟು ಉಪ್ಪು ಇದ್ದಾಗ ಮುಚ್ಚಿದ ಜಾಡಿಯ ಗಾಳಿಯ ಆರ್ದ್ರತೆ ಒಂದು ನಿರ್ದಿಷ್ಟ ಅಂಕಿಗೆ ನಿಲ್ಲುತ್ತದೆ. 25 ಡಿಗ್ರಿಯಲ್ಲಿ ಲೀಥಿಯಂ ಕ್ಲೋರೈಡ್ ಶೇ. 11.3, ಮೆಗ್ನೀಸಿಯಂ ಕ್ಲೋರೈಡ್ ಶೇ. 32.8, ಮೆಗ್ನೀಸಿಯಂ ನೈಟ್ರೇಟ್ ಶೇ. 52.9, ಸೋಡಿಯಂ ಕ್ಲೋರೈಡ್ ಶೇ. 75.3, ಪೊಟ್ಯಾಸಿಯಂ ಕ್ಲೋರೈಡ್ ಶೇ. 84.3, ಪೊಟ್ಯಾಸಿಯಂ ಸಲ್ಫೇಟ್ ಶೇ. 97.3. ಅಡುಗೆಯ ಪುಡಿಯುಪ್ಪಿನಲ್ಲಿ ಗಂಟುಕಟ್ಟದಂತೆ ಬೇರೆ ಪದಾರ್ಥ ಸೇರಿಸಿರುತ್ತಾರೆ, ಪ್ರಯೋಗಾಲಯದ ದರ್ಜೆಯದೇ ಬೇಕು. ಅರ್ಧ ಲೀಟರ್ ಜಾಡಿಯಲ್ಲಿ ಎರಡು ಸೆಂ.ಮೀ. ಎತ್ತರ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ಡಿಸ್ಟಿಲ್ಡ್ ನೀರು ಸೇರಿಸಿ. ಮುಚ್ಚಳದ ತೂತಿನಲ್ಲಿ ವೈರ್ ಇಳಿಸಿ ಬಿಸಿ ಅಂಟಿನಿಂದ ಮುಚ್ಚಿ. ಪಕ್ಕದಲ್ಲೇ ಎಸ್‌ಎಚ್‌ಟಿ31 ಎಂಬ ಸಿದ್ಧ ತೇವಾಂಶ ಸೆನ್ಸರ್ ಇದ್ದರೆ ಜಾಡಿ ಸೋರುತ್ತಿದೆಯೇ ಎಂದು ತಿಳಿಯುತ್ತದೆ.

ಎರಡು ಗಂಟೆ ಕಾದು, ಒಣಗಿನಿಂದ ತೇವದ ಕಡೆಗೆ ಏರುತ್ತ ಓದಿ, ಅದೇ ದಾರಿಯಲ್ಲಿ ಇಳಿಯುತ್ತ ಮತ್ತೊಮ್ಮೆ ಓದಿ. ಏರುವಾಗಿನ, ಇಳಿಯುವಾಗಿನ ಗೆರೆಗಳ ನಡುವಿನ ಅಂತರವೇ ಹಿಸ್ಟರಿಸಿಸ್. ಅದನ್ನು ಬಚ್ಚಿಡದೆ ಬರೆಯಿರಿ. ಪ್ರತಿರೋಧದ ಲಾಗರಿದಮ್ ತೆಗೆದು ಗ್ರಾಫ್ ಹಾಕಿದರೆ ಮಧ್ಯಭಾಗ ಸರಳರೇಖೆಗೆ ಹತ್ತಿರ ಬರುತ್ತದೆ. ಸೆನ್ಸರಿನ ಮೇಲೆ ಉಸಿರು ಬಿಟ್ಟು ಗೆರೆ ಬದಲಾಗುವುದನ್ನು ತೋರಿಸುವ ರೂಢಿ ಇದೆ. ಉಸಿರು ಬೆಚ್ಚಗೂ ಇರುತ್ತದೆ, ತೇವವಾಗಿಯೂ ಇರುತ್ತದೆ, ತಣ್ಣನೆಯ ಲೇಪದ ಮೇಲೆ ನೀರೇ ಕಟ್ಟಬಹುದು. ಸೆನ್ಸರ್ ಬದುಕಿದೆ ಎಂದು ನೋಡಲು ಅದು ಸಾಕು, ಅಳತೆ ಎನ್ನಲು ಆಗದು. ಗ್ರಾಫೀನ್ ಆಕ್ಸೈಡ್ ದ್ರವ ನೀರಿನಲ್ಲಿ ಮತ್ತೆ ಕದಡಿ ಎದ್ದುಹೋಗುವುದರಿಂದ, ಮಂಗಳೂರು-ಕಾರವಾರದ ಮಳೆಗಾಲದಲ್ಲಿ ಎಸಿ ಕೋಣೆಯಿಂದ ಹೊರಗೆ ತಂದ ಸೆನ್ಸರ್ ಮೇಲೆ ಹನಿ ಕಟ್ಟದಂತೆ ನೋಡಿಕೊಳ್ಳಿ. ಮುಚ್ಚಿದ ಡಬ್ಬಿಯಲ್ಲೇ ಹೊರತಂದು, ಹೊರಗಿನ ತಾಪಕ್ಕೆ ಬಂದ ಮೇಲೆ ತೆರೆದರೆ ಸಾಕು.

ಬೆಳಕಿಗೆ 470, 525, 625 ಮತ್ತು 850 ನ್ಯಾನೋಮೀಟರಿನ ಎಲ್‌ಇಡಿಗಳು ಬೇಕು. ಬೆಳಕಿನ ತೀವ್ರತೆ ತಿಳಿಯಲು ಸೆನ್ಸರ್ ಇರುವ ಜಾಗದಲ್ಲೇ ಬಿಪಿಡಬ್ಲ್ಯು34 ಫೋಟೋ ಡಯೋಡ್ ಇಟ್ಟು ಕರೆಂಟು ಓದಿ. ಅದರ ಕ್ಷೇತ್ರ 7.5 ಚದರ ಮಿ.ಮೀ., ಬಣ್ಣ ಬಣ್ಣಕ್ಕೆ ಸ್ಪಂದನೆ ಎಷ್ಟೆಂಬುದು ಡೇಟಾಶೀಟಿನ ಗ್ರಾಫಿನಲ್ಲಿದೆ. ಸೆನ್ಸರನ್ನು ರಾತ್ರಿಯಿಡೀ ಕತ್ತಲಲ್ಲಿಟ್ಟ ಮೇಲಷ್ಟೇ ಕತ್ತಲ ಕರೆಂಟು ಅಳೆಯಿರಿ. ಬೆಳಕು ಕಂಡ ಮಾಲಿಬ್ಡಿನಂ ಡೈಸಲ್ಫೈಡಿನಲ್ಲಿ ದೋಷಗಳಲ್ಲಿ ಸಿಕ್ಕಿಬಿದ್ದ ವಿದ್ಯುದಾವೇಶ ಗಂಟೆಗಟ್ಟಲೆ ಉಳಿಯುತ್ತದೆ. ನಂತರ 20 ಸೆಕೆಂಡ್ ಆನ್, 60 ಸೆಕೆಂಡ್ ಆಫ್, ಹತ್ತು ಸುತ್ತು.

ಸ್ಪಂದನೆಯ ಲೆಕ್ಕದಲ್ಲಿ ಹಲ್ಲುಗಳ ನಡುವಿನ ಜಾಗವನ್ನಷ್ಟೇ ಹಿಡಿಯಿರಿ: 25 × 8 × 0.15, ಅಂದರೆ 30 ಚದರ ಮಿ.ಮೀ. ಚದರ ಸೆಂ.ಮೀ.ಗೆ 1 ಮಿಲಿ ವ್ಯಾಟ್ ಬೆಳಕಿದ್ದರೆ ಅಲ್ಲಿ ಬೀಳುವುದು 0.3 ಮಿಲಿ ವ್ಯಾಟ್. ಕತ್ತಲ ಕರೆಂಟು ಕಳೆದು 3 ನ್ಯಾನೋ ಆಂಪಿಯರ್ ಉಳಿದರೆ ಸ್ಪಂದನೆ ಒಂದು ವ್ಯಾಟ್‌ಗೆ 10 ಮೈಕ್ರೋ ಆಂಪಿಯರ್.

850 ನ್ಯಾನೋಮೀಟರ್ ಎಲ್‌ಇಡಿ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಮಾಲಿಬ್ಡಿನಂ ಡೈಸಲ್ಫೈಡ್ 700 ನ್ಯಾನೋಮೀಟರ್ ದಾಟಿದ ಮೇಲೆ ಬಹಳ ಕಡಿಮೆ ಹೀರುತ್ತದೆ. ಸಮ ತೀವ್ರತೆಯ ಕೆಂಪು ಬೆಳಕಿಗೆ ಬಂದಷ್ಟೇ ಕರೆಂಟು 850ಕ್ಕೂ ಬಂದರೆ ನೀವು ಅಳೆಯುತ್ತಿರುವುದು ಬಹುಶಃ ಬಿಸಿಯನ್ನು. ಎಲ್‌ಇಡಿಯನ್ನು 5 ಸೆಂ.ಮೀ. ದೂರ ಸರಿಸಿ, ಬೋರ್ಡಿನ ಹಿಂಬದಿಗೆ 10 ಕಿಲೋ ಓಮ್ ಥರ್ಮಿಸ್ಟರ್ ಅಂಟಿಸಿ ನೋಡಿ. ಕರೆಂಟು ಮತ್ತು ತಾಪ ಒಂದೇ ವೇಗದಲ್ಲಿ ಏರಿದರೆ ಸಂಶಯ ಗಟ್ಟಿಯಾಯಿತು.

ಎರಡನ್ನೂ ಎದುರುಬದುರು ನಿಲ್ಲಿಸುವುದು

ಇಡೀ ಕೆಲಸದ ತೂಕ ಇರುವುದು ಈ ಪರೀಕ್ಷೆಯಲ್ಲಿ. ಬೋರ್ಡನ್ನು ಶೇ. 32.8ರ ಜಾಡಿಯಲ್ಲಿಟ್ಟು ಕತ್ತಲಲ್ಲಿ ಒಮ್ಮೆ, ಗಾಜಿನ ಮೂಲಕ 525 ನ್ಯಾನೋಮೀಟರ್ ಬೆಳಕು ಬಿಟ್ಟು ಒಮ್ಮೆ, ನಾಲ್ಕೂ ಎಲೆಕ್ಟ್ರೋಡ್ ಓದಿ. ಇದನ್ನೇ ಶೇ. 75.3ರಲ್ಲಿ ಮಾಡಿ. ಹದಿನಾರು ಅಂಕಿ ಸಿಗುತ್ತವೆ.

ಮುಚ್ಚಿದ ಮಾಲಿಬ್ಡಿನಂ ಡೈಸಲ್ಫೈಡಿನ ಕತ್ತಲ ಕರೆಂಟು ಜಾಡಿ ಬದಲಿಸಿದ ಕೂಡಲೇ ಬದಲಾದರೆ ಎಪಾಕ್ಸಿಯಲ್ಲಿ ಸಂದಿ ಇದೆ. ಗಂಟೆಗಳ ಮೇಲೆ ನಿಧಾನವಾಗಿ ಬದಲಾದರೆ ನೀರು ಬೋರ್ಡಿನ ಒಳಗಿಂದ ನುಸುಳುತ್ತಿದೆ. ಗಾಜು ಮುಚ್ಚಿದ ಖಾಲಿ ಜೋಡಿಯೂ ಜೊತೆಯಲ್ಲೇ ಏರಿದ್ದರೆ ಇದು ಖಚಿತ, ಆಗ ಗಾಜಿನ ತಳಕ್ಕೆ ಬದಲಾಯಿಸುವುದೇ ಪರಿಹಾರ. ಖಾಲಿ ಜೋಡಿ ಅಲುಗದೆ ಲೇಪವೊಂದೇ ಬದಲಾದರೆ, ಲೇಪದೊಳಗೆ ಉಳಿದ ಆಮ್ಲಜನಕ, ನೀರು ಎಲೆಕ್ಟ್ರಾನುಗಳನ್ನು ಹಿಡಿದು ಬಿಡುವ ಆಟ ಆಡುತ್ತಿವೆ. ಸುಟ್ಟದ್ದು ಸಾಲದು.

ಗ್ರಾಫೀನ್ ಆಕ್ಸೈಡಿನ ಪ್ರತಿರೋಧ ಬೆಳಕು ಹಾಕಿದಾಗ ಏರಿದರೆ ಲೇಪ ಬಿಸಿಯಾಗಿ ಒಣಗುತ್ತಿದೆ, ಬೆಳಕು ಆರಿಸಿದರೆ ಮರಳಿ ಬರುತ್ತದೆ. ಇಳಿದು, ಆರಿಸಿದರೂ ಮರಳದಿದ್ದರೆ ಅಲ್ಲಿ ಆಮ್ಲಜನಕ ಹೋಗಿದೆ, ಮುಚ್ಚಳದಲ್ಲಿ ಬೆಳಕು ಸೋರುವ ಜಾಗ ಹುಡುಕಿ, ಆ ಲೇಪವನ್ನು ಒರೆಸಿ ಹೊಸದಾಗಿ ಹಚ್ಚಿ. ತೆರೆದ ಖಾಲಿ ಜೋಡಿಯ ಪ್ರತಿರೋಧ ಶೇ. 75ರಲ್ಲಿ ಗ್ರಾಫೀನ್ ಆಕ್ಸೈಡಿನದಕ್ಕಿಂತ ಕನಿಷ್ಠ ನೂರು ಪಟ್ಟು ಹೆಚ್ಚಿರಬೇಕು. ಹತ್ತಿರ ಬಂದರೆ ಬೋರ್ಡ್ ಕೊಳೆಯಾಗಿದೆ.

ಎರಡು ಜಾಡಿಗಳಲ್ಲೂ ಬೆಳಕಿನ ಸ್ಪಂದನೆ, ಅಂದರೆ ಖಾಲಿ ಜೋಡಿ ಕಳೆದ ಮೇಲೆ ಉಳಿದ ವ್ಯತ್ಯಾಸ, ನಿಮ್ಮ ಹತ್ತು ಸುತ್ತುಗಳ ಏರಿಳಿತದೊಳಗೆ ಒಂದೇ ಆಗಿದ್ದರೆ ಸೆನ್ಸರುಗಳು ಬೇರೆಯಾದವು. ಇದನ್ನು ವಾರದ ನಂತರ, ತಿಂಗಳ ನಂತರ ಮತ್ತೆ ಮಾಡಿ. ಗ್ರಾಫೀನ್ ಆಕ್ಸೈಡ್ ಮುದಿಯಾಗುತ್ತದೆ, ಅದರ ಗೆರೆಯನ್ನು ಕನಿಷ್ಠ ಎರಡು ಉಪ್ಪುಗಳಿಂದ ಆಗಾಗ ಸರಿಪಡಿಸಬೇಕು. ಉಳಿದ ದ್ರಾವಣಗಳನ್ನು, ಒರೆಸಿದ ಬಟ್ಟೆಗಳನ್ನು ಸಿಂಕಿಗೆ ಹಾಕದೆ, ಹೆಸರು ಬರೆದ ಡಬ್ಬಿಯಲ್ಲಿ ಸಂಗ್ರಹಿಸಿ ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯಕ್ಕೆ ಒಪ್ಪಿಸಿ.